ಬರಿಗಾಲಿನ ಹರಕೆ

ಸೊಲ್ಲಾಪುರದಲ್ಲಿ ವಿಜಾಪುರ ರಸ್ತೆ ಸುರುವಾಗುವ ಕಡೆ ಕಲ್ಯಾಣಪ್ಪ ಸಾವಕಾರರದೊಂದು ಟಾಕೀಸ್ ಇತ್ತು. ಬೋರ್ಡಿನ ಮೇಲೆ ಬರೆಸಿದ ಹೆಸರು ಬೇರೆ, ಜನರ ಬಾಯಲ್ಲಿದ್ದ ಹೆಸರು ಥಂಡಿ ಟಾಕೀಸ್. ಬೇಸಿಗೆಯಲ್ಲಿ ಊರಿಗೆ ಊರೇ ಹಂಚಿನ ಮೇಲಿನ ರೊಟ್ಟಿಯ ಹಾಗೆ ಕಾಯುತ್ತಿರುವಾಗ ಆ ಟಾಕೀಸಿನ ಒಳಗೆ ಮಾತ್ರ ಸೆರಗು ಹೊದ್ದುಕೊಳ್ಳಬೇಕೆನಿಸುವಂಥ ಗಾಳಿ. ಆಟ ಯಾವುದೇ ಇರಲಿ, ಮೂರು ತಾಸು ತಂಪಿನಲ್ಲಿ ಕೂತು ಬರೋಣವೆಂದೇ ಎಷ್ಟೋ ಮಂದಿ ಟಿಕೀಟು ತೆಗೆಸುತ್ತಿದ್ದರು. ಆ ಗಾಳಿಯನ್ನು ಮಾಡುತ್ತಿದ್ದವನು ರಾಚಪ್ಪ. ನೀಲಗಂಗಾ ಅವನ ಹೆಂಡತಿ.

ಟಾಕೀಸಿನ ಹಿಂದೆ ಇಟ್ಟಿಗೆಯದೊಂದು ಕೋಣೆ. ಅದರೊಳಗೆ ಆಳೆತ್ತರದ ಗಾಳಿಚಕ್ರ, ಅದನ್ನು ತಿರುಗಿಸಲು ಎಮ್ಮೆಯಷ್ಟು ದಪ್ಪನೆಯ ಮೋಟರು, ಎರಡರ ನಡುವೆ ಅಂಗೈ ಅಗಲದ ಪಟ್ಟಾ. ಹೊರಗಿನ ಬಾವಿಯಿಂದ ಪಂಪು ನೀರೆತ್ತಿ ವಾಳದ, ಅಂದರೆ ಲಾವಂಚದ ಬೇರಿನ ತಟ್ಟಿಗಳ ಮೇಲೆ ಸುರಿಯುತ್ತಿತ್ತು. ಒದ್ದೆಯಾದ ಆ ತಟ್ಟಿಗಳೊಳಗಿಂದ ಚಕ್ರ ಗಾಳಿ ಎಳೆದು ಟಾಕೀಸಿನೊಳಗೆ ದೂಡುತ್ತಿತ್ತು. ಸುರಿದ ನೀರು ಗಟಾರಕ್ಕೆ ಹೋಗಿಬಿಡುತ್ತಿತ್ತು. ಒಳಗೆ ಕೂತವರಿಗೆ ವಾಳದ ಘಮ, ತಂಪು. ಆ ಕೋಣೆಯೊಳಗೆ ಮಾತ್ರ ಹತ್ತು ಗಿರಣಿ ಕೂಡಿಸಿದಷ್ಟು ಸಪ್ಪಳ. ಅಲ್ಲಿ ಹೋದವರು ಮಾತಾಡುವುದೇ ಇಲ್ಲ, ಕೈಸನ್ನೆ ಮಾಡಿ ಹೊರಗೆ ಬಂದುಬಿಡುವುದು.

ರಾಚಪ್ಪ ಆ ಕೋಣೆಯಲ್ಲಿ ಇಪ್ಪತ್ತೈದು ವರ್ಷ ಕೂತ. ಟಾಕೀಸ್ ಕಟ್ಟಿದಾಗ ಕಂದಲಗಾಂವದಿಂದ ಬಂದವನು, ಕಲ್ಲು ಹೊರಲು ಬಂದು ಮಶಿನ್ನಿನ ಹತ್ತಿರ ಉಳಿದವನು. ಮಗ್ಗುಲಲ್ಲೇ ಟಾಕೀಸಿನದೊಂದು ಖೋಲಿ, ಅದರಲ್ಲಿ ಗಂಡಹೆಂಡಿರ ಸಂಸಾರ. ಹುಟ್ಟಿದ ಎರಡು ಕೂಸೂ ಉಳಿಯಲಿಲ್ಲ. ಕೆಲಸ ಇರುವ ತನಕ ಖೋಲಿ, ಖೋಲಿ ಇರುವ ತನಕ ಸೊಲ್ಲಾಪುರ. ಅದು ಹೋದರೆ ಮತ್ತೆ ಕಂದಲಗಾಂವದಲ್ಲಿ ಮೈದುನನ ಮನೆಯ ಪಡಸಾಲೆ, ಅಲ್ಲಿ ನೆಗೆಣ್ಣಿಯ ಮುಖ. ಇದು ನೀಲಗಂಗಾಳಿಗೆ ಗೊತ್ತಿದ್ದ ಲೆಕ್ಕ.

ಅವಳಿಗೆ ಇನ್ನೊಂದು ಗೊತ್ತಿತ್ತು. ಅದು ಬೇರೆ ಯಾರಿಗೂ ಗೊತ್ತಿರಲಿಲ್ಲ. ರಾಚಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ.

ಅದು ಒಂದು ದಿನದಲ್ಲಿ ಆದದ್ದಲ್ಲ. ಮೊದಲು ಮನೆಯಲ್ಲಿ ಹಾಲು ಉಕ್ಕುವ ಸಪ್ಪಳ ಹೋಯಿತು, ಆಮೇಲೆ ಬಾಗಿಲು ಬಡಿಯುವುದು ಹೋಯಿತು. ಕೊನೆಗೆ ಅವಳ ದನಿಯೂ ಹೋಯಿತು. ಆಗ ಅವಳು ಎದುರಿಗೆ ಕೂತು ತುಟಿ ಬಿಡಿಸಿ ಬಿಡಿಸಿ ಮಾತಾಡಲು ಕಲಿತಳು, ಅವನು ತುಟಿ ನೋಡಲು ಕಲಿತ. ಬೆನ್ನು ಮಾಡಿ ಕೂತಿದ್ದರೆ ಅವಳು ನೆಲದ ಫರಸಿಯ ಮೇಲೆ ಹಿಮ್ಮಡಿ ಕುಟ್ಟುತ್ತಿದ್ದಳು. ಅವನ ಅಂಗಾಲಿಗೆ ಅದು ತಟ್ಟಿ, ಅವನು ತಿರುಗುತ್ತಿದ್ದ.

ಮಶಿನ್ನನ್ನೂ ಅವನು ಹಾಗೆಯೇ ನಡೆಸುತ್ತಿದ್ದ. ಬರಿಗಾಲಲ್ಲಿ. ಎಡಗಾಲು ಮೋಟರಿನ ಕಡೆಯ ಕಲ್ಲಿನ ಮೇಲೆ, ಬಲಗಾಲು ಚಕ್ರದ ಕಡೆಯ ಕಲ್ಲಿನ ಮೇಲೆ. ನೆಲ ನಡುಗುವ ರೀತಿಯಿಂದಲೇ ಯಾವ ಬೇರಿಂಗು ಒಣಗಿದೆ, ಎಲ್ಲಿ ಪಟ್ಟಾ ಸಡಿಲಾಗಿದೆ, ಪಂಪು ನೀರೆತ್ತುತ್ತಿದೆಯೋ ಬರೀ ಗಾಳಿ ಕುಡಿಯುತ್ತಿದೆಯೋ ಎಲ್ಲ ಹೇಳುತ್ತಿದ್ದ. ಕಿವಿ ನೆಟ್ಟಗಿದ್ದವರು ಆ ಗದ್ದಲದಲ್ಲಿ ಹಿಡಿಯಲಾರದ್ದನ್ನು ಅವನ ಹಿಮ್ಮಡಿ ಹಿಡಿಯುತ್ತಿತ್ತು. ಅವನ ಕಿವಿ ತಿಂದ ಸಪ್ಪಳವೇ ಅವನ ಕಿವುಡನ್ನು ಮುಚ್ಚಿಯೂ ಇಟ್ಟಿತ್ತು. ಅಲ್ಲಿ ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲವಲ್ಲ.

ಹೊರಗೆ ಮಾತ್ರ ಕಷ್ಟ. ಗೇಟಿನಲ್ಲಿ ಟಿಕೀಟು ಹರಿಯುವ ಅಣ್ಣಾರಾಯ ಬಾಯಾಳಿ ಮನುಷ್ಯ. ಒಂದು ದಿನ ನೀಲಗಂಗಾಳನ್ನು ತಡೆದ.

“ಏನ್ ವೈನಿ, ನಮ್ಮ ರಾಚಪ್ಪಣ್ಣ ಈಗೀಗ ಕರದ್ರ ಹೊಳ್ಳಿ ಸುದ್ದಾ ನೋಡಂಗಿಲ್ಲಲ್ಲ. ಮಾಲಕ್ರ ಅಳಿಯಾ ಆಗ್ಯಾನೇನು?”

“ನಿನ್ನ ಬಾಯಿ ಒಮ್ಮೆ ಸುರು ಆತಂದ್ರ ನಿಂದ್ರತೈತೇನು? ಅದಕ್ಕ ಹೊಳ್ಳಿ ನೋಡಂಗಿಲ್ಲ.”

“ಹ್ಹೆ ಹ್ಹೆ, ಅದೂ ಖರೇ ಬಿಡ್ರಿ.”

ಅವನು ನಕ್ಕ, ಅವಳೂ ನಕ್ಕಳು. ಖೋಲಿಗೆ ಬಂದವಳೇ ಬಾಗಿಲು ಹಾಕಿ ಅಗಳಿ ಇಕ್ಕಿಕೊಂಡಳು.

ಎಪ್ಪತ್ತೆರಡರ ಬರದಲ್ಲಿ ಆ ಓಣಿಯ ಬಾವಿಗಳೆಲ್ಲ ತಳ ಕಂಡವು. ಟಾಕೀಸಿನ ಬಾವಿ ಮಾತ್ರ ಆಳದ್ದು, ಅದರ ಪಂಪು ಓಣಿಯ ಸೆಲೆಯನ್ನೆಲ್ಲ ಎಳೆದುಕೊಳ್ಳುತ್ತಿತ್ತು. ಹೆಂಗಸರು ಕೊಡ ಹಿಡಿದು ಟ್ಯಾಂಕರಿಗೆ ಕಾಯುತ್ತಿರುವಾಗ ಅವರ ಕಣ್ಣೆದುರೇ ಟಾಕೀಸಿನ ನೀರು ಗಟಾರದಲ್ಲಿ ಹರಿಯುತ್ತಿತ್ತು. ಸೋಮವ್ವ ಎಂಬ ಮುದುಕಿ ನೀಲಗಂಗಾಳ ಮುಖಕ್ಕೇ ಅಂದಳು: “ನಮ್ಮ ಕೂಸಿಗೆ ಕುಡಿಯಾಕ ಇಲ್ಲ, ನಿನ್ನ ಗಂಡ ಪಿಚ್ಚರ್ ನೋಡೋರಿಗೆ ಗಾಳಿ ಹೊಡಿಲಿಕ್ಕೆ ಬಾವಿ ಬತ್ತಸ್ತಾನ.” ನೀಲಗಂಗಾ ಸೆರಗು ಎಳೆದುಕೊಂಡು ಮುಂದೆ ನಡೆದಳು. ಸಂಜೆ ಮಶಿನ್ ಸುರುವಾದರೆ ಓಣಿಯ ದೀಪಗಳೆಲ್ಲ ಮಬ್ಬಾಗುತ್ತಿದ್ದವು. ಅದಕ್ಕೂ ಬೈಗಳು ಅವಳಿಗೇ.

ಅದೇ ವರ್ಷ ಒಂದು ಮಧ್ಯಾಹ್ನ ಅವಳು ಬುತ್ತಿ ಕೊಡಲು ಹೋಗಿದ್ದಳು. ಕರೆಂಟು ಹೋಗಿ ಮಶಿನ್ ನಿಂತಿತ್ತು. ಕಲ್ಯಾಣಪ್ಪನವರು ತಾವೇ ಒಳಗೆ ಬಂದರು. ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಲಿಂಗ, ಮನೆಯ ಗೋಡೆಯ ಮೇಲೆ ಅಕ್ಕಲಕೋಟ ಸ್ವಾಮಿಗಳ ಫೋಟೋ, ಯಾವ ದೇವರನ್ನೂ ಬಿಡದ ಮನುಷ್ಯ. ಕೈ ದೊಡ್ಡದು, ಸಿಟ್ಟೂ ದೊಡ್ಡದು. ರಾಚಪ್ಪನ ಕಾಲು ನೋಡಿ ಬಾಗಿಲಲ್ಲೇ ನಿಂತರು.

“ಏ ರಾಚಪ್ಪಾ, ಬರಿಗಾಲಾಗ ನಿಂತೀಯಲ್ಲೋ! ಕೆಳಗ ನೀರು, ಮ್ಯಾಲ ಕರೆಂಟು. ಸತ್ತಗಿತ್ತ ಹೋದ್ರ ನಾ ಯಾರಿಗೆ ಜವಾಬ ಕೊಡ್ಲಿ? ನಾಳಿಂದ ಕಾಲಾಗ ಬೂಟ್ ಇರಬೇಕ ನೋಡು.”

ಅವರು ಅಂದದ್ದು ಅವನ ಬೆನ್ನಿಗೆ. ಅವನು ತಿರುಗಲಿಲ್ಲ. ಎಣ್ಣೆಡಬ್ಬಿಯ ಮುಚ್ಚಳ ತೆಗೆಯುತ್ತಲೇ ಇದ್ದ. ಸಾವಕಾರರ ಮುಖ ಕೆಂಪಗಾಯಿತು. ನೀಲಗಂಗಾ ಬುತ್ತಿ ಕೆಳಗಿಟ್ಟು ನಡುವೆ ಬಂದಳು. ಇನ್ನೊಂದು ಗಳಿಗೆ ಹೋದರೆ ಎಲ್ಲ ಹೊರಗೆ ಬೀಳುತ್ತಿತ್ತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು.

“ಸಿಟ್ಟಾಗಬ್ಯಾಡ್ರಿ ಮಾಲಕ್ರ. ಅವರದು ಹರಕಿ ಐತ್ರಿ. ಅಕ್ಕಲಕೋಟ ಮಹಾರಾಜರಿಗೆ ಬೇಡ್ಕೊಂಡಾರ. ಬರದಾಗೂ ನಿಮ್ಮ ಮಶಿನ್ ನಿಂದರಬಾರದು, ಹೊಸಾದು ಬರೂತನಾ ಇದು ಸುಸೂತ್ರ ನಡಿಬೇಕು, ಅಲ್ಲೀತನಾ ಕಾಲಿಗೆ ಏನೂ ಹಾಕಂಗಿಲ್ಲ ಅಂತ. ಮಶಿನ್ ಮುಂದ ನಿಂತಾಗ ಜಪಾ ಮಾಡತಿರ್ತಾರ್ರಿ, ಮಾತ ಆಡಂಗಿಲ್ಲ.”

ಸಾವಕಾರರು ಒಂದು ಹೆಜ್ಜೆ ಹಿಂದೆ ಸರಿದರು. ಕಣ್ಣು ತೇವವಾಯಿತು. ನನ್ನ ಮಶಿನ್ನಿನ ಸಲುವಾಗಿ ಒಬ್ಬ ಆಳು ಹರಕೆ ಹೊತ್ತಿದ್ದಾನೆ ಎಂದು ಅವರಿಗೆ ಯಾರು ಹೇಳಿದ್ದರು ಆ ತನಕ? ಕೈ ಮುಗಿದು, ಸಪ್ಪಳ ಮಾಡದೆ ಹೊರಗೆ ಹೋದರು. ಆ ಮೇಲೆ ಅಂಗಡಿಯವರು, ಬೀಗರು, ಸಿಕ್ಕಸಿಕ್ಕವರ ಮುಂದೆ ಹೇಳಿದರು. ರಾಚಪ್ಪ ಕರೆದರೆ ತಿರುಗದಿದ್ದರೆ ಜನ ಈಗ ತಪ್ಪು ತಿಳಿಯುತ್ತಿರಲಿಲ್ಲ. ಜಪದಲ್ಲಿದ್ದಾನೆ ಅನ್ನುತ್ತಿದ್ದರು. ಅಣ್ಣಾರಾಯ ಕೂಡ ಅವನು ಹಾಯುವಾಗ ಬೀಡಿ ಮರೆಮಾಡತೊಡಗಿದ.

ಅವಳು ರಾಚಪ್ಪನಿಗೆ ಇದನ್ನು ಹೇಳಿದಾಗ ಅವನು ಅವಳ ತುಟಿಯನ್ನೇ ನೋಡುತ್ತ ಕೂತ.

“ದೇವರ ಹೆಸರ ಮ್ಯಾಲ ಸುಳ್ಳಾ, ನೀಲಾ?”

“ಮತ್ತೇನ ಹೇಳ್ಲಿ? ಕಿವುಡ ಅದಾರ ಅಂತ ಹೇಳ್ಲೇನು?”

ಅವನು ತಲೆ ತಗ್ಗಿಸಿದ. ಮತ್ತೆ ಆ ಮಾತು ಅವರಿಬ್ಬರ ನಡುವೆ ಬರಲಿಲ್ಲ.

ಮೂರು ವರ್ಷ ಹೀಗೆ ನಡೆಯಿತು. ನಡುವೆ ಕರೆಂಟಿನ ಕೊರತೆ ಹೆಚ್ಚಾಯಿತು. ವಾರಕ್ಕೆ ಇಷ್ಟು ದಿನ ಬಂದ್, ದಿನಕ್ಕೆ ಇಷ್ಟು ತಾಸು ಬಂದ್ ಎಂದು ಸರಕಾರದಿಂದ ಕಾಗದಗಳು ಬರತೊಡಗಿದವು. ಇಂಥ ದೊಡ್ಡ ಮೋಟರು ನಡೆಸುವವರಿಗೆ ಇನ್ನೂ ಬಿಗಿ. ಎಪ್ಪತ್ತೈದರ ಶಿವರಾತ್ರಿ ಕಳೆದ ಮೇಲೆ ಸಾವಕಾರರು ಪುಣೆಯಲ್ಲಿ ಕಲಿತ ಪಂಢರಿನಾಥ ಎಂಬ ಇಂಜಿನಿಯರನನ್ನು ಕರೆಸಿದರು. ಎಳೆಯ ಪ್ರಾಯದವನು, ಒಳ್ಳೆಯವನು. ಎರಡು ದಿನ ಮಶಿನ್ನಿನ ಸುತ್ತ ತಿರುಗಿ, ಬಾವಿಗೆ ಹಗ್ಗ ಬಿಟ್ಟು ನೋಡಿ, ಪತ್ರಾ ತಗಡಿನ ಚಾವಣಿ ಹತ್ತಿ ಇಳಿದು ಹೇಳಿದ:

“ಶೇಟಜಿ, ಇದು ಮಶಿನ್ ಅಲ್ಲ, ರಾಕ್ಷಸ. ಇದು ತಿನ್ನೋ ಕರೆಂಟಿನ್ಯಾಗ ಇಂಥಾ ನಾಕು ಥೇಟರ ಥಂಡ ಆಗ್ತಾವ. ಕುಡಿಯೋ ನೀರಿನ್ಯಾಗ ಈ ಓಣಿ ಬದುಕತೈತಿ. ಗ್ವಾಡಿಗೆ ಆರು ಸಣ್ಣ ಫ್ಯಾನ್ ಕೂಡಸೂಣು, ಹಿಂದ ಹುಲ್ಲಿನ ಗಾದಿ. ಹಾಕಿದ ನೀರು ಹೊಳ್ಳಿ ಅದ ನೀರಿನ ಹೌದಿಗೆ ಬರತೈತಿ, ಚೂರೂ ಹೋಗಂಗಿಲ್ಲ. ಪತ್ರಾದ ಮ್ಯಾಲ ದಪ್ಪಗ ಸುಣ್ಣಾ ಹೊಡಸ್ರಿ, ಅರ್ಧಾ ಬಿಸಲು ಅಲ್ಲೇ ಹೊಳ್ಳಿ ಹೋಗತೈತಿ.”

“ಮತ್ತ ನಮ್ಮ ರಾಚಪ್ಪ?”

“ಇರ್ಲಿ ಅಲ್ರಿ. ಈಗ ಅವರಿಗೆ ಕೆಲಸಾನೂ ಹಗರ. ಸುಮ್ನ ಕುಂತು ನೀರಿನ ಸಪ್ಪಳ ಕೇಳಿದ್ರ ಮುಗೀತು. ತಟಪಟ ತಟಪಟ ಅನ್ನಾಕತ್ತಿದ್ರ ಪಂಪ್ ನಡದೈತಿ ಅಂತ. ನಿಂತ್ರ ಸ್ವಿಚ್ ಆರಸಬೇಕು, ಇಲ್ಲಾಂದ್ರ ಮೋಟರ್ ಸುಡತೈತಿ. ಇಷ್ಟ.”

ನೀಲಗಂಗಾ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇಷ್ಟ ಎಂದನಲ್ಲ, ರಾಚಪ್ಪನಿಂದ ಆಗದ್ದು ಅದೊಂದೇ.

ಪಂಢರಿನಾಥ ಇನ್ನೊಂದು ಮಾತು ಅಂದ. ಹೊಸ ಕೋಣೆಯಲ್ಲಿ ರಬ್ಬರಿನ ಬೂಟು ಇಲ್ಲದೆ ಯಾರೂ ಕಾಲಿಡಬಾರದು, ಸ್ವಿಚ್ಚಿನ ಮಗ್ಗುಲಲ್ಲೇ ನೀರಿನ ತೊಟ್ಟಿ ಇರುತ್ತದೆ. ಸಾವಕಾರರ ಮುಖ ಅರಳಿತು.

“ನೋಡ್ರಿ ದೇವರ ಆಟಾ! ಹೊಸಾ ಮಶಿನ್ ಬರೂತನಾ ಅಂತ ಬೇಡ್ಕೊಂಡಿದ್ದ. ಹೊಸಾದು ಬಂತು. ಹರಕಿ ತೀರಿತು. ನಾನ ಕರಕೊಂಡ ಹೋಗ್ತೀನಿ ಅವನ್ನ ಅಕ್ಕಲಕೋಟಕ್ಕ, ನಮ್ಮ ಮೋಟರ್‌ನ್ಯಾಗ.”

ಬಂದ ಗುರುವಾರವೇ ಕಾರಿನಲ್ಲಿ ಹೊರಟರು. ಮುಂದೆ ಸಾವಕಾರರು, ಹಿಂದೆ ಅವರ ಹೆಂಡತಿ ಲೀಲಾಬಾಯಿ, ಅವರ ಮಗ್ಗುಲಿಗೆ ಮುದುಡಿಕೊಂಡು ನೀಲಗಂಗಾ, ಆಚೆ ಬಾಗಿಲಿಗೆ ರಾಚಪ್ಪ. ದಾರಿಯುದ್ದಕ್ಕೂ ಜೋಳ ಕೊಯ್ದ ಕರಿ ಹೊಲ, ಬಿಸಿಲು. ಸಾವಕಾರರು ಮುಂದಿನಿಂದ ಏನೇನೋ ಕೇಳುತ್ತಿದ್ದರು. ರಾಚಪ್ಪನ ಪರವಾಗಿ ನೀಲಗಂಗಾ ಉತ್ತರ ಕೊಡುತ್ತಿದ್ದಳು.

“ನೀ ಎಲ್ಲಾ ಹೇಳಿದ್ರ ಅಂವಾ ಏನ ಮಾಡಬೇಕು?” ಎಂದು ಲೀಲಾಬಾಯಿ ಅವಳ ತೊಡೆ ಚಿವುಟಿದರು. “ನಮ್ಮವರಿಗೂ ನಾ ಹಿಂಗ ಮಾತಾಡಾಕ ಬಿಡದಿದ್ರ ಮನ್ಯಾಗ ಎಷ್ಟ ಶಾಂತಿ ಇರ್ತಿತ್ತು!”

“ನಿಮ್ಮವರು ಬಿಡಬೇಕಲ್ರಿ ಅಕ್ಕಾವ್ರ.”

ಸಾವಕಾರರು ಗಹಗಹಿಸಿ ನಕ್ಕರು. ರಾಚಪ್ಪ ಎಲ್ಲರ ಮುಖ ನೋಡಿ ಒಂದು ಗಳಿಗೆ ತಡವಾಗಿ ನಕ್ಕ.

ಅಕ್ಕಲಕೋಟದಲ್ಲಿ ಆಲದ ಮರದ ಕೆಳಗಿನ ಗುಡಿಯಲ್ಲಿ ಗುರುವಾರದ ಗರ್ದಿ. ಸಾವಕಾರರು ರಾಚಪ್ಪನ ಕೈ ಹಿಡಿದು ಗದ್ದಲದಲ್ಲಿ ದಾರಿ ಮಾಡಿಕೊಂಡು ಪಾದುಕೆಯ ಮುಂದೆ ಒಯ್ದು ನಿಲ್ಲಿಸಿದರು. ತಾವೇ ಗಟ್ಟಿಯಾಗಿ ಹೇಳಿದರು, ಮಹಾರಾಜ, ನನ್ನ ಅನ್ನಕ್ಕಾಗಿ ಈತ ಮೂರು ವರ್ಷ ಬರಿಗಾಲಲ್ಲಿ ನಡೆದಿದ್ದಾನೆ, ಬಿಡುಗಡೆ ಮಾಡು ಎಂದು. ಹೇಳುತ್ತ ಹೇಳುತ್ತ ಅತ್ತರು. ರಾಚಪ್ಪನಿಗೆ ಅವರ ತುಟಿ ಕಾಣುತ್ತಿತ್ತು. ಅವನು ಎಲ್ಲ ತಿಳಿದುಕೊಂಡ. ಹೆಂಡತಿಯ ಕಡೆ ಒಮ್ಮೆ ನೋಡಿದ. ಆ ನೋಟವನ್ನು ಅವಳು ಸಾಯುವ ತನಕ ಮರೆಯಲಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ. ಈಗ ಹೇಳಿಬಿಡಲೇ ಎಂದು ಕೇಳುವ ನೋಟ ಅದು. ಅವಳು ತಲೆ ಅಲ್ಲಾಡಿಸಿದಳು, ಬೇಡ ಎಂದು. ಅವನು ಬಾಗಿ ಹಣೆ ಹಚ್ಚಿದ.

ಹೊರಗೆ ಬಂದಾಗ ಸಾವಕಾರರು ಕಾಗದದ ಪುಡಿಕೆ ಬಿಚ್ಚಿದರು. ಹೊಸ ಚಪ್ಪಲಿ. ಆಳಿನ ಕಾಲಿಗೆ ಧಣಿ ಬಗ್ಗಿ ಚಪ್ಪಲಿ ಇಡುವುದನ್ನು ನೋಡಿ ಸುತ್ತಲಿನವರು ಕೈ ಮುಗಿದರು. ನೀಲಗಂಗಾ ಸೆರಗು ಬಾಯಿಗೆ ಒತ್ತಿಕೊಂಡಳು. ಭಕ್ತಿ ಅಂದುಕೊಂಡರು ಜನ.

ಹೊಸ ಮಶಿನ್ ಬಂತು. ಹಳೆಯದನ್ನು ತುಂಡು ಮಾಡಿ ಲಾರಿಗೆ ಹೇರಿದರು. ಓಣಿಯ ದೀಪ ಈಗ ಮಬ್ಬಾಗುತ್ತಿರಲಿಲ್ಲ. ಹದಿನೈದು ದಿನದಲ್ಲಿ ಬಾವಿಗೆ ನೀರೇರಿತು. ವೈಶಾಖದಲ್ಲಿ ಬಾವಿಗೆ ನೀರು ಏರುವುದನ್ನು ಆ ಹೆಂಗಸರು ಎಂದೂ ಕಂಡಿರಲಿಲ್ಲ. ಸೋಮವ್ವ ಮುದುಕಿ ನೀಲಗಂಗಾಳ ಕೊಡ ತಾನೇ ಎತ್ತಿಕೊಟ್ಟಳು. “ನಿನ್ನ ಗಂಡನ ಹರಕಿ ನಮಗೂ ತಟ್ಟಿತವಾ,” ಎಂದಳು. ನೀಲಗಂಗಾಳಿಗೆ ಖುಷಿಪಡಬೇಕೆನಿಸಿತು. ನೀರು ಸಿಹಿಯಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಎಲ್ಲರಿಗೂ ಒಳ್ಳೆಯದಾದ ಒಂದು ಸಂಗತಿ ತನ್ನ ಮನೆಗೆ ಮಾತ್ರ ಕೆಟ್ಟದ್ದಾಗುವುದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಹೇಳಿಕೊಂಡರೆ ಕೇಳುವವರು ಏನೆಂದಾರು?

ಹೊಸ ಕೋಣೆಯಲ್ಲಿ ಮೆಲ್ಲಗೆ ಮಾತಾಡಿದರೂ ಕೇಳುತ್ತಿತ್ತು. ಫ್ಯಾನು ತಿರುಗುವುದು ಕಣ್ಣಿಗೆ ಕಾಣುತ್ತಿತ್ತು, ಸರಿ. ಪಂಪು ಮಾತ್ರ ಒಂದು ಕೊಡದಷ್ಟು ಚಿಕ್ಕದು, ಕೆಳಗೆ ರಬ್ಬರಿನ ಗಾದಿ ಇಟ್ಟು ಕೂಡಿಸಿದ್ದು. ನೆಲ ನಡುಗುವುದೇ ಇಲ್ಲ. ನಡುಗಿದರೂ ಬೂಟಿನೊಳಗಿನ ಕಾಲಿಗೆ ಏನು ಗೊತ್ತಾಗಬೇಕು? ರಾಚಪ್ಪ ಬೇರೆ ದಾರಿ ಹುಡುಕಿಕೊಂಡ. ಏಣಿ ಹತ್ತಿ ಒಂದೊಂದು ಹುಲ್ಲಿನ ಗಾದಿಯನ್ನೂ ಕೈಯಿಂದ ಮುಟ್ಟಿ ನೋಡುವುದು, ಒದ್ದೆ ಇದ್ದರೆ ಇಳಿಯುವುದು, ಮತ್ತೊಂದಕ್ಕೆ ಏಣಿ ಸರಿಸುವುದು. ಆರು ಮುಗಿಯುವುದರೊಳಗೆ ಮೊದಲಿನದು ಒಣಗಿತೋ ಏನೋ ಎಂದು ಮತ್ತೆ ಹತ್ತುವುದು. ಐವತ್ತೈದರ ಮೊಣಕಾಲು, ಬೂಟಿನ ಭಾರ.

“ರಾಚಪ್ಪಣ್ಣ ಮಂಗ್ಯಾ ಆಗ್ಯಾನ್ರಿ,” ಎಂದು ಅಣ್ಣಾರಾಯ ನಗಿಸುತ್ತಿದ್ದ. “ಹಳೇ ಮಶಿನ್ ಮುಂದ ಋಷಿ ಇದ್ದ, ಹೊಸಾದರ ಮುಂದ ಮಂಗ್ಯಾ.”

ನೀಲಗಂಗಾ ದಿನಾಲೂ ಮೂರರ ಆಟಕ್ಕೆ ಚಹಾ, ಸಂಜೆಯ ಆಟಕ್ಕೆ ಬುತ್ತಿ ಒಯ್ಯುವ ನೆಪ ಮಾಡಿದಳು. ಬಾಗಿಲಲ್ಲಿ ನಿಂತು ಕಿವಿಗೊಟ್ಟು ಕೇಳುತ್ತಿದ್ದಳು. ತಟಪಟ ತಟಪಟ. ಕೇಳಿತೆಂದರೆ ಕಣ್ಣು ಮುಚ್ಚಿ ತೆರೆಯುತ್ತಿದ್ದಳು, ಅವನು ಕೂಡುತ್ತಿದ್ದ. ಇಡೀ ಆಟ ಮುಗಿಯುವ ತನಕ ಅಲ್ಲೇ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಲೋ ಕೌದಿ ಹೊಲಿಯುತ್ತಲೋ ಇರುತ್ತಿದ್ದಳು. ಕೈ ಕೌದಿಯಲ್ಲಿ, ಕಿವಿ ನೀರಿನಲ್ಲಿ. ಒಂದು ತಿಂಗಳು ಅವಳ ಕಿವಿಯೇ ಆ ಟಾಕೀಸನ್ನು ತಂಪಾಗಿಟ್ಟಿತು, ಯಾರಿಗೂ ಗೊತ್ತಿಲ್ಲದೆ.

ಒಂದು ದಿನ ಸೀಮೆಎಣ್ಣೆ ಬಂದಿದೆ ಎಂದು ಸುದ್ದಿಯಾಯಿತು. ಹದಿನೈದು ದಿನದಿಂದ ಮನೆಯಲ್ಲಿ ಒಂದು ಹನಿ ಇರಲಿಲ್ಲ. ಬೆಳಗಿನಿಂದ ಸರತಿಯಲ್ಲಿ ನಿಂತಳು. ಎರಡು ಹೊಡೆಯಿತು, ಎರಡೂವರೆ ಹೊಡೆಯಿತು. ಮುಂದೆ ಇನ್ನು ಎಂಟೇ ಮಂದಿ. ಬಿಟ್ಟು ಬರುವುದೇ, ನಿಲ್ಲುವುದೇ? ಒಂದು ದಿನಕ್ಕೆ ಏನಾಗುತ್ತದೆ ಅಂದುಕೊಂಡು ನಿಂತಳು. ಡಬ್ಬಿ ತುಂಬಿಸಿಕೊಂಡು ಓಣಿಯ ತಿರುವಿಗೆ ಬಂದಾಗ ನಾಲ್ಕು ದಾಟಿತ್ತು. ಅವತ್ತು ಹೆಂಗಸರ ಆಟ. ಟಾಕೀಸಿನ ಬಾಗಿಲಿಂದ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಕೆಮ್ಮುತ್ತ ಹೊರಗೆ ಬರುತ್ತಿದ್ದರು. ಸುಟ್ಟ ವಾಸನೆ ರಸ್ತೆಯ ತನಕ ಹರಡಿತ್ತು.

ಅವಳು ಹಿಂದಿನ ಕೋಣೆಗೆ ಓಡಿದಳು. ಬಾಗಿಲಲ್ಲಿ ಅಣ್ಣಾರಾಯ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ. “ರಾಚಪ್ಪಣ್ಣಾ! ಮೋಟರ್ ಸುಡಾಕತ್ತೈತಿ! ಹಿಂದ ನೋಡೋ ಮಾರಾಯಾ!” ಅವನ ಮಗ್ಗುಲಲ್ಲಿ ಕಲ್ಯಾಣಪ್ಪನವರು, ಆಗ ತಾನೆ ಓಡಿ ಬಂದವರು. ಒಳಗೆ ರಾಚಪ್ಪ ಸ್ಟೂಲಿನ ಮೇಲೆ, ಬೆನ್ನು ಬಾಗಿಲ ಕಡೆಗೆ, ಮುಖ ಫ್ಯಾನುಗಳ ಕಡೆಗೆ. ಏಣಿ ಹತ್ತಿ ಹತ್ತಿ ದಣಿದು ಕೂತಿದ್ದ. ಆರೂ ಫ್ಯಾನು ಚೆಂದಾಗಿ ತಿರುಗುತ್ತಿದ್ದವು. ಅವನ ಹಿಂದೆ ನಾಲ್ಕು ಮೊಳದಲ್ಲಿ ಪಂಪಿನ ಮೋಟರು ಕರಿ ಹೊಗೆ ಕಾರುತ್ತಿತ್ತು, ಆ ಹೊಗೆ ಚಾವಣಿಯ ಕೆಳಗೇ, ಅವನ ಕಣ್ಣಿಗೆ ಬೀಳದೆ, ತಲೆಯ ಮೇಲಿಂದ ಹಾಯ್ದು ಫ್ಯಾನಿನೊಳಗೆ ಹೋಗುತ್ತಿತ್ತು. ಮೂವತ್ತು ವರ್ಷ ತಪಕೀರಿನ ನಶ್ಯ ಏರಿಸಿದ ಮೂಗು, ಅದೂ ವಾಸನೆ ಹೇಳಲಿಲ್ಲ.

ನೀಲಗಂಗಾ ಮುನ್ನುಗ್ಗಿ ನೆಲಕ್ಕೆ ಹಿಮ್ಮಡಿ ಕುಟ್ಟಿದಳು. ಕುಟ್ಟಿದಳು, ಮತ್ತೆ ಕುಟ್ಟಿದಳು. ಅವನು ಬೂಟು ಹಾಕಿದ್ದ.

ಅಣ್ಣಾರಾಯನೇ ಒಳಗೆ ಹಾರಿ ಮೇನ್ ಸ್ವಿಚ್ಚು ಆರಿಸಿದ. ಆಗ ಫ್ಯಾನು ನಿಂತವು, ಆಗ ರಾಚಪ್ಪ ತಿರುಗಿ ನೋಡಿದ. ಬಾಗಿಲ ತುಂಬ ಜನ, ಎಲ್ಲರ ಬಾಯೂ ತೆರೆದಿತ್ತು.

“ಕಿವುಡ ಅದಾನ,” ಎಂದು ಅಣ್ಣಾರಾಯ ಮೆಲ್ಲಗೆ ಅಂದ. ಅವನ ನಗೆಯೆಲ್ಲ ಹೋಗಿತ್ತು. “ಮಾಲಕ್ರ, ಈತಗ ಕಿವೀನ ಇಲ್ಲ.”

ಯಾರೂ ಸಾಯಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಸುಟ್ಟ ಮೋಟರು ಎರಡು ದಿನದಲ್ಲಿ ರಿಪೇರಿಯಾಯಿತು. ರಾಚಪ್ಪನಿಗೆ ಮರುದಿನದಿಂದ ಕೋಣೆಗೆ ಬರಬೇಡ ಎಂದು ಹೇಳಿಕಳಿಸಿದರು.

ಐದನೆಯ ದಿನ ನೀಲಗಂಗಾ ಸಾವಕಾರರ ಮನೆಗೆ ಹೋದಳು. ಪಡಸಾಲೆಯಲ್ಲಿ ಕಲ್ಯಾಣಪ್ಪನವರು ತೂಗುಮಂಚದ ಮೇಲಿದ್ದರು, ಲೀಲಾಬಾಯಿ ಕಂಬಕ್ಕೆ ಆತು ಕೂತಿದ್ದರು. ಅವಳು ನೆಲಕ್ಕೆ ಕೂತು ಎಲ್ಲ ಹೇಳಿದಳು. ಹರಕೆಯ ಮಾತು ತನ್ನದು, ಅವರದಲ್ಲ ಎಂದು ಹೇಳಿದಳು.

“ಕಿವಿ ಕೇಳಂಗಿಲ್ಲ ಅಂತ ಹೇಳಿದ್ರ ನಾವೇನ ತಿಂದಬಿಡ್ತಿದ್ವೇನ ನೀಲಗಂಗಾ?” ಎಂದರು ಲೀಲಾಬಾಯಿ.

“ತಿಂತಿದ್ದಿಲ್ರಿ ಅಕ್ಕಾವ್ರ. ಖರೇ, ಕಿವುಡನ ಕೈಯಾಗ ಮಶಿನ್ ಕೊಡ್ತಿದ್ರೇನ್ರಿ?”

ಲೀಲಾಬಾಯಿ ಗಂಡನ ಕಡೆ ನೋಡಿದರು. ಸಾವಕಾರರು ಮಂಚ ತೂಗುವುದನ್ನು ನಿಲ್ಲಿಸಿದರು.

“ಮೋಟರ್ ಸುಟ್ಟದ್ದಕ್ಕ ನನಗ ಸಿಟ್ಟಿಲ್ಲ. ಕಿವಿಗೂ ಇಲ್ಲ, ನನ್ನ ಮಶಿನ್ ಮುಂದ ಕುಂತ ಹೋದ ಕಿವಿ ಅದು. ಆದ್ರ ಮಹಾರಾಜರ ಮುಂದ ನಾ ಅತ್ತೆ, ನೀವಿಬ್ಬರೂ ನೋಡ್ಕೋತ ನಿಂತ್ರಿ. ಅಂವಾ ಬಗ್ಗಿ ಹಣಿ ಹಚ್ಚಿದ. ಅವನ ಕಾಲ ಮುಟ್ಟಿ ಚಪ್ಪಲಿ ಹಾಕಿದೆ ನಾನು. ಈಗ ನಾ ಪೂಜಾಕ್ಕ ಕುಂತ್ರ ಅದ ಕಣ್ಣಮುಂದ ಬರತೈತಿ.”

“ಹೆಂಡತಿ ಸುಳ್ಳುಬುರಕಿ ಆಗಬಾರದಂತ ಹಚ್ಚಿದರ್ರಿ ಹಣಿ. ಶಿಕ್ಷಾ ಕೊಡೂದಿದ್ರ ನನಗ ಕೊಡ್ರಿ.” ಅವಳು ಸೆರಗು ಒಡ್ಡಿದಳು. “ನಾ ಬಂದು ಕುಂದರ್ತೀನ್ರಿ ಅವರ ಹಂತ್ಯಾಕ. ಈ ತಿಂಗಳೆಲ್ಲಾ ನಾನ ಕೇಳೀನಿ ನೀರಿನ ಸಪ್ಪಳ. ಇನ್ನ ಮುಂದೂ ಕೇಳ್ತೀನಿ. ಕೈ ಅವರದು, ಕಿವಿ ನಂದು. ಒಂದ ದಿನಾನೂ ಎದ್ದ ಹೋಗಂಗಿಲ್ರಿ.”

ಸಾವಕಾರರು ಗೋಡೆಯ ಮೇಲಿನ ಸ್ವಾಮಿಗಳ ಫೋಟೋದ ಕಡೆ ನೋಡಿದರು.

“ಬ್ಯಾಡವಾ. ಬ್ಯಾರೆ ಮನಷಾನ ಇಟ್ಟಾಗೇತಿ. ಮಳಿಗಾಲ ಸುರು ಆಗೂತನಾ ಖೋಲ್ಯಾಗ ಇರ್ರಿ. ಅದರ ಮುಂದ ನಾ ಏನೂ ಹೇಳಲಾರೆ.”

ಅವಳು ಎದ್ದಳು. ಲೀಲಾಬಾಯಿ ಒಳಗಿಂದ ಏನೋ ತಂದು ಉಡಿಯಲ್ಲಿ ಹಾಕಲು ಬಂದರು, ಅವಳು ಕೈ ಮುಗಿದು ಬೇಡವೆಂದಳು. ಬರುವ ದಾರಿಯಲ್ಲಿ ಟಾಕೀಸಿನ ಮುಂದೆ ಹಾಯಬೇಕಾಯಿತು. ಮೂರರ ಆಟ ನಡೆದಿತ್ತು. ಅಣ್ಣಾರಾಯ ಅವಳನ್ನು ನೋಡಿ ಗೇಟು ತೆರೆದು ಒಳಗೆ ಬಿಟ್ಟ. ಹಿಂದಿನ ಗೋಡೆಗೆ ಆತು ಒಂದು ಗಳಿಗೆ ನಿಂತಳು. ಹೊಸ ಮನುಷ್ಯ ಚೆನ್ನಾಗಿ ನಡೆಸುತ್ತಿದ್ದ. ಬೆವರು ಆರಿತು.

ಖೋಲಿಯಲ್ಲಿ ರಾಚಪ್ಪ ಬಾಗಿಲಿಗೆ ಮುಖ ಮಾಡಿ ಕೂತಿದ್ದ. ಐದು ದಿನದಿಂದ ಅವನು ಹೊರಗೆ ಹೋಗಿರಲಿಲ್ಲ. ಹೋದರೆ ಓಣಿಯವರೆಲ್ಲ ಮುಖಕ್ಕೆ ಮುಖವಿಟ್ಟು ಕೂಗುತ್ತಿದ್ದರು, ಕೂಸುಗಳು ಕೂಡ. ಅವಳು ಎದುರಿಗೆ ಕೂತಳು.

“ಏನಂದ್ರು ಮಾಲಕರು?”

ದಾರಿಯಲ್ಲಿ ಅವಳು ಒಂದು ಮಾತು ಹೆಣೆದುಕೊಂಡು ಬಂದಿದ್ದಳು. ಸಿಟ್ಟಿನಲ್ಲಿದ್ದಾರೆ, ದೀಪಾವಳಿಯ ತನಕ ಮನೆಯಲ್ಲಿರು ಅಂದಿದ್ದಾರೆ, ಆಮೇಲೆ ಕರೆಸುತ್ತಾರಂತೆ ಎಂದು. ಅವನು ನಂಬುತ್ತಿದ್ದ. ಅವಳ ತುಟಿ ಬಿಟ್ಟರೆ ಅವನಿಗೆ ಸುದ್ದಿ ತರುವವರು ಬೇರೆ ಯಾರಿದ್ದರು? ಅವನು ಅವಳ ತುಟಿಯನ್ನೇ ನೋಡುತ್ತಿದ್ದ, ಎಂದಿನ ಹಾಗೆ, ಅದರಿಂದ ಏನು ಬಂದರೂ ತೆಗೆದುಕೊಳ್ಳುವವನ ಹಾಗೆ.

“ಬ್ಯಾಡಂದ್ರು,” ಎಂದಳು, ಒಂದೊಂದೇ ಅಕ್ಷರ ಬಿಡಿಸಿ. “ಬ್ಯಾರೆಯವರನ್ನ ಇಟ್ಟಾರ. ಮಳಿಗಾಲಕ್ಕ ನಾವು ಕಂದಲಗಾಂವಕ್ಕ ಹೋಗಬೇಕು.”

ಅವನು ತಲೆಯಾಡಿಸಿದ. ಮೊಣಕಾಲನ್ನು ಎರಡೂ ಕೈಯಿಂದ ಒತ್ತಿಕೊಂಡ.

“ಟಾಕೀಸಿನ ಒಳಗ ಹೋಗಿದ್ದೇನು?”

“ಹೋಗಿದ್ದೆ.”

“ಥಂಡ ಇತ್ತಾ?”

“ಇತ್ರಿ. ಹಳೇ ಮಶಿನ್ ಇದ್ದಾಗಿನಕಿಂತ ಛಲೋ ಇತ್ತು.”

“ಇರತೈತಿ,” ಎಂದ ರಾಚಪ್ಪ. “ಆ ಹುಡುಗ ಪಂಢರಿನಾಥ ಛಲೋ ಮಾಡ್ಯಾನ.” ಅದಾದ ಮೇಲೆ ಅವನು, ಇನ್ನು ಕೇಳುವುದೇನೂ ಉಳಿದಿಲ್ಲ ಎಂಬಂತೆ, ಅವಳ ತುಟಿಯಿಂದ ಕಣ್ಣು ತೆಗೆದು ಗೋಡೆಯ ಕಡೆಗೆ ತಿರುಗಿದ.